ನಾಯಿಯ ಮುಂದೆ ಆಕಳಿಸುವ ಫೋಟೋ ಚಿಕ್ಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಸಾಮಿಲ್ಲಿನ ತಗಡಿನ ಶೆಡ್ಡಿನೊಳಗೆ, ಮೂಲೆಯ ಗೂಡೊಂದರಲ್ಲಿ, ಹೆಂಗಸೊಬ್ಬರು ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅವರ ಪಕ್ಕಕ್ಕೆ, ಮುರುಕು ಮೇಜಿನ ಅಡಿಯಲ್ಲಿ, ಕಂದು ಬಣ್ಣದ ಹೆಣ್ಣು ನಾಯಿಯೊಂದು ಮುದುಡಿಕೊಂಡಿದೆ. ಇಲ್ಲಿಗೆ ಬಂದಾಗಿನಿಂದ ಅದು ಆ ಮೇಜಿನ ಅಡಿಯಿಂದ ಈಚೆಗೆ ಕಾಲಿಟ್ಟಿಲ್ಲ. ಹೆಂಗಸು ನಾಯಿಯ ಕಡೆ ನೋಡುವುದಿಲ್ಲ, ಕರೆಯುವುದಿಲ್ಲ, ಬಿಸ್ಕತ್ತಿನ ಆಸೆಯನ್ನೂ ತೋರಿಸುವುದಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಬಾಯಿ ಅಗಲಿಸಿ ಒಂದು ಭರ್ಜರಿ ಆಕಳಿಕೆ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಹೊಸದಾಗಿ ನೋಡುವವರಿಗೆ, ಪಾಪ, ಇವರಿಗೆ ರಾತ್ರಿ ನಿದ್ದೆಯಾಗಿಲ್ಲ ಅನ್ನಿಸಬೇಕು. "ನಿದ್ದೆ ಅಲ್ಲ, ಇದು ಕೆಲಸ" ಎಂದು ಅವರು ತಲೆಯನ್ನೂ ತಿರುಗಿಸದೆ ಪಿಸುಗುಡುತ್ತಾರೆ. "ನಾನು ಆಕಳಿಸಿದ್ರೆ ಈ ಹೆಂಗಸಿನಿಂದ ಅಪಾಯ ಇಲ್ಲ ಅಂತ ಅವಳಿಗೆ ಗೊತ್ತಾಗುತ್ತೆ. ನಾಯಿಗಳು ಒಂದಕ್ಕೊಂದು ಸಮಾಧಾನ ಹೇಳ್ಕೊಳ್ಳೋದೇ ಹಾಗೆ. ನಮ್ಮಕ್ಕ ಹೇಳಿಕೊಟ್ಟಿದ್ದು. ಮೊದಮೊದಲು ಸುಳ್ಳು ಆಕಳಿಕೆ ತೆಗೀತಿದ್ದೆ, ಈಗ ನಿಜವಾದ್ದೇ ಬರುತ್ತೆ."

ಐದಾರು ಆಕಳಿಕೆ ಆದ ಮೇಲೆ ಮೇಜಿನ ಅಡಿಯಿಂದ ಸಣ್ಣದೊಂದು ಕುಂಯ್ ಎಂಬ ಸದ್ದು ಬರುತ್ತದೆ. ಕಂದು ನಾಯಿಯೂ ಆಕಳಿಸಿದೆ. ಹೆಂಗಸು ಒಂದು ಪಕ್ಕಕ್ಕೆ ವಾಲಿ, ಆಗಲೇ ನೆಲದ ಮೇಲೆ ಸಜ್ಜು ಮಾಡಿಟ್ಟಿದ್ದ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸುತ್ತಾರೆ. ಪೂರ್ವದ ಬಾಗಿಲಿನಿಂದ ಜಾರಿ ಬಂದ ಬೆಳಕು ನಾಯಿಯ ಮೂಗಿನ ತುದಿಗೆ ತಾಗಿದೆ. ಒಂದು ಕ್ಲಿಕ್, ಅಷ್ಟೇ. ಎರಡನೆಯದಕ್ಕೆ ಅವರು ಆಸೆ ಪಡುವುದಿಲ್ಲ.

ಇಲ್ಲಿ ಎಲ್ಲರೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುವುದು. ಈ ಶೆಡ್ಡಿನಲ್ಲಿರುವ ನಾಯಿ, ಬೆಕ್ಕು, ಎರಡು ಕತ್ತೆ, ಒಂದು ಮುಂಗೋಪಿ ಬಾತುಕೋಳಿ ಸೇರಿ ಎಪ್ಪತ್ತರ ಆಸುಪಾಸಿನ ಜೀವಗಳನ್ನು ಸಾಕುತ್ತಿರುವವರು ಅವರ ಅಕ್ಕ. ಆ ಅಕ್ಕ ಊರಿಗೆಲ್ಲ ದೊಡ್ಡಮ್ಮ. ದೊಡ್ಡಮ್ಮನ ತಂಗಿ ಚಿಕ್ಕಮ್ಮ ಆಗದೆ ಇನ್ನೇನಾಗುತ್ತಾರೆ? ದೊಡ್ಡಮ್ಮನ ಹೆಸರು ಆಗಾಗ ಪತ್ರಿಕೆಯಲ್ಲಿ ಬರುತ್ತದೆ, ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ಗಾಯಗೊಂಡ ನಾಯಿ ಕಂಡರೆ ಜನ ಮೊದಲು ಫೋನ್ ಮಾಡುವುದು ಅವರಿಗೇ. ಆದರೆ ಹೋದ ವರ್ಷ ಬೀದಿಗೆ ಬೀಳಬೇಕಾಗಿದ್ದ ಈ ಎಪ್ಪತ್ತು ಜೀವಗಳ ತಲೆಯ ಮೇಲೆ ಇವತ್ತಿಗೂ ಸೂರು ಉಳಿದಿದೆಯಲ್ಲ, ಅದರ ಹಿಂದೆ ಇರುವುದು ಈ ಆಕಳಿಸುವ ತಂಗಿ. ಶಾಲು ಹೊದಿಸುವ ಸಮಾರಂಭಗಳಲ್ಲೂ ಇವರು ಹೋಗುವುದು ಫೋಟೋ ತೆಗೆಯಲಿಕ್ಕೇ. ಹಾಗಾಗಿ ಯಾವ ಫೋಟೋದಲ್ಲೂ ಇವರಿಲ್ಲ.

ಚಿಕ್ಕಮ್ಮನ ದಿನ ಶುರುವಾಗುವುದು ಊರಿನ ಮೊದಲ ಬಸ್ಸಿನಲ್ಲಿ. ಅದನ್ನು ಓಡಿಸುವವರು ಅವರ ಯಜಮಾನರೇ. ಗಂಡನ ಬಸ್ಸಾದರೂ ಟಿಕೆಟ್ ತಪ್ಪಿಸುವುದಿಲ್ಲ. "ಟಿಕೆಟ್ ತಗೊಂಡ್ರೆ ಕಿಟಕಿ ಸೀಟು ಕೇಳೋಕೆ ಹಕ್ಕಿರುತ್ತೆ. ಇಲ್ಲಾಂದ್ರೆ ಇವರು ಡ್ರೈವರ್ ಹಿಂದೆ ಕೂರಿಸಿ ದಾರಿಯುದ್ದಕ್ಕೂ ಮನೆ ಖರ್ಚಿನ ಮಾತು ತೆಗೀತಾರೆ" ಎನ್ನುತ್ತಾರೆ. ಸಾಮಿಲ್ಲಿನ ಸ್ಟಾಪಿನಲ್ಲಿ ಇಳಿದು, ಬೆಳಕು ಮೆತ್ತಗಿರುವಾಗಲೇ ಎರಡೋ ಮೂರೋ ಮುಖ ತೆಗೆದು, ಒಂಬತ್ತಕ್ಕೆ ಹೋಗಿ ಪೇಟೆಯ ಬೀದಿಯಲ್ಲಿರುವ ತಮ್ಮ ಸ್ಟುಡಿಯೋದ ಶಟರ್ ಎತ್ತುತ್ತಾರೆ. ಸೀರೆಯಂಚಿಗೆ ಅಂಟಿಕೊಂಡ ನಾಯಿಯ ಕೂದಲನ್ನು ಕೊಡವಿಕೊಂಡು, ಪಾಸ್‌ಪೋರ್ಟ್ ಸೈಜಿಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಸ್ವಲ್ಪ ಮೇಲೆ, ಭುಜ ಸಡಿಲ, ನಗಬೇಡಿ ಎಂದು ಶುರು ಮಾಡಿದರೆ ಕತ್ತಲಾಗುವವರೆಗೂ ಅದೇ ಮಂತ್ರ.

ಸ್ಟುಡಿಯೋ ಅಪ್ಪನದು. ಅಕ್ಕತಂಗಿ ಇಬ್ಬರೂ ಬೆಳೆದದ್ದು ಅದರ ಹಿಂದಿನ ಕೋಣೆಯಲ್ಲೇ. ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಅಕ್ಕ ಒಮ್ಮೆ ಬೀದಿಯ ಮರಿಯೊಂದನ್ನು ಕರೆತಂದು ಬಚ್ಚಿಟ್ಟಿದ್ದರಂತೆ. ಬಾಗಿಲು ತೆರೆದು ಬೆಳಕು ನುಗ್ಗಿ, ಯಾರದೋ ಮದುವೆಯ ಫೋಟೋಗಳೆಲ್ಲ ಕಪ್ಪಾಗಿ, ಮದುವೆಯ ಕಡೆಯವರು ಮೂರು ದಿನ ಅಂಗಡಿಯ ಮುಂದೆ ನಿಂತು ಅಪ್ಪನ ಮರ್ಯಾದೆ ತೆಗೆದರಂತೆ. ಅವತ್ತೇ ಅಪ್ಪ ತೀರ್ಮಾನ ಮಾಡಿದರು, ಸ್ಟುಡಿಯೋ ಚಿಕ್ಕವಳಿಗೆ ಎಂದು. ಅಕ್ಕನಿಗೆ ಬೇಜಾರೇನೂ ಆಗಲಿಲ್ಲ. ಮರಿಯನ್ನು ಎತ್ತಿಕೊಂಡು ಹೊರಬಿದ್ದವರು ಇವತ್ತಿನವರೆಗೂ ಹಾಗೇ ಒಂದಲ್ಲ ಒಂದನ್ನು ಎತ್ತಿಕೊಂಡೇ ಇದ್ದಾರೆ.

ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸ್ಟುಡಿಯೋದ ಬೆಂಚು ಖಾಲಿ ಹೊಡೆಯತೊಡಗಿತು. ಅಕ್ಕಪಕ್ಕದ ಸ್ಟುಡಿಯೋಗಳು ಮುಚ್ಚಿ ಮೊಬೈಲ್ ಅಂಗಡಿಗಳಾದವು. ಚಿಕ್ಕಮ್ಮನನ್ನು ಉಳಿಸಿದ್ದು ಟಚಪ್. ಮೊಡವೆ ತೆಗೆಯುವುದು, ಬೊಕ್ಕ ತಲೆಗೆ ಕೂದಲು ಕೊಡುವುದು, ತೀರಿಕೊಂಡ ಅಜ್ಜನಿಗೆ ಕೋಟು ತೊಡಿಸುವುದು, ಸಂಬಂಧ ಮುರಿದುಕೊಂಡ ಅಣ್ಣತಮ್ಮಂದಿರನ್ನು ಒಂದೇ ಫೋಟೋದಲ್ಲಿ ಅಕ್ಕಪಕ್ಕ ನಿಲ್ಲಿಸುವುದು. ಹುಡುಗಿಯ ಕಡೆಯವರು ಫೋಟೋ ಕೇಳಿದ್ದಾರೆ ಎಂದು ಯಾರಾದರೂ ಬಂದರೆ ಅವರನ್ನು ಕಂಪ್ಯೂಟರಿನಲ್ಲಿ ಹಾಲಿನಲ್ಲಿ ಅದ್ದಿ ತೆಗೆದವರಂತೆ ಮಾಡಿ ಕಳಿಸುತ್ತಿದ್ದರು. "ನನ್ನ ಕೈಗೆ ಸಿಕ್ಕಿದ ಮುಖ ಯಾವತ್ತೂ ಇದ್ದ ಹಾಗೆ ಆಚೆ ಹೋಗಿಲ್ಲ" ಎಂದು ಆಗೆಲ್ಲ ಜಂಭದಿಂದ ಹೇಳಿಕೊಳ್ಳುತ್ತಿದ್ದರಂತೆ. ಆ ಜಂಭವೇ ಮುಂದೆ ಅವರ ಕೊರಳಿಗೆ ಉರುಳಾಯಿತು.

ಎರಡು ವರ್ಷದ ಕೆಳಗೆ, ವರ್ಷದ ಕೊನೆಯಲ್ಲಿ, ಸಾಮಿಲ್ಲಿನ ಮಾಲೀಕರು ದೊಡ್ಡಮ್ಮನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಗರಗಸ ನಿಂತ ಮೇಲೆ ಖಾಲಿ ಬಿದ್ದಿದ್ದ ಶೆಡ್ಡನ್ನು ನಾಯಿಗಳಿಗೆ ಬಿಟ್ಟುಕೊಟ್ಟವರು ಅವರೇ. ಆದರೆ ವಯಸ್ಸಾಯಿತು, ಮಕ್ಕಳು ಆಸ್ತಿ ಪಾಲು ಮಾಡಿಕೊಡಿ ಎಂದು ಕೂತಿದ್ದಾರೆ. "ಇನ್ನೊಂದು ವರ್ಷ ಹೇಗಾದರೂ ತಡೆದು ನಿಲ್ಲಿಸ್ತೀನಿ ಕಣಮ್ಮ. ಅಷ್ಟರಲ್ಲಿ ನೀವೇ ಕೊಂಡ್ಕೊಳ್ಳಿ. ಆಗಲಿಲ್ಲ ಅಂದ್ರೆ ಬಿಟ್ಟುಕೊಡಿ, ನನ್ನ ಕೈಲಿ ಇಷ್ಟೇ ಆಗೋದು" ಎಂದರು. ಗಟ್ಟಿಮುಟ್ಟಾದ ನಾಯಿಗಳನ್ನು ಯಾರಾದರೂ ಸಾಕಿಕೊಳ್ಳುತ್ತಾರೆ. ಆದರೆ ಈ ಶೆಡ್ಡಿನಲ್ಲಿ ಅರ್ಧಕ್ಕರ್ಧ ಮುದಿ, ಕುಂಟು, ಕುರುಡು. ಅವಕ್ಕೆ ಇದು ಬಿಟ್ಟರೆ ಹೋಗಲು ಇನ್ನೊಂದು ಜಾಗವೇ ಇರಲಿಲ್ಲ. ದೊಡ್ಡಮ್ಮ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಅಕ್ಕ ಹಾಗೆ ಕೂತದ್ದನ್ನು ಚಿಕ್ಕಮ್ಮ ಹುಟ್ಟಿದಾರಭ್ಯ ನೋಡಿರಲಿಲ್ಲ.

"ನನ್ನ ಹತ್ರ ಏನಿದೆ, ಕ್ಯಾಮೆರಾ ಇದೆ. ಒಂದು ಕ್ಯಾಲೆಂಡರ್ ಮಾಡೋಣ ಬಿಡಕ್ಕ ಅಂದೆ" ಎಂದು ನೆನೆಯುತ್ತಾರೆ ಚಿಕ್ಕಮ್ಮ.

ಮಾತು ಕೊಟ್ಟಿದ್ದೇನೋ ಆಯಿತು, ತೊಡಕು ಬೇರೆಯೇ ಇತ್ತು. ಚಿಕ್ಕಮ್ಮನಿಗೆ ನಾಯಿ ಎಂದರೆ ಪ್ರಾಣಭಯ. ಬೀದಿಯ ಆ ತುದಿಯಲ್ಲಿ ನಾಯಿ ಮಲಗಿದ್ದರೆ ಈ ತುದಿಯಿಂದಲೇ ಕಾಲಿಗೆ ಬುದ್ಧಿ ಹೇಳುವ ಪೈಕಿ. ಅಕ್ಕನ ಶೆಡ್ಡಿಗೆ ಬಂದರೂ ಗೇಟಿನಿಂದ ಒಳಗೆ ಕಾಲಿಟ್ಟವರಲ್ಲ, ಊಟದ ಡಬ್ಬಿಯನ್ನು ಸರಳಿನ ಸಂದಿಯಲ್ಲಿ ತೂರಿಸಿ ವಾಪಸಾಗುತ್ತಿದ್ದರು. ಕ್ಯಾಲೆಂಡರಿಗೂ ಹಾಗೇ ಮಾಡಿದರು. ಗೇಟಿನ ಆಚೆ ನಿಂತು, ಸರಳಿನ ಸಂದಿಗೆ ಮದುವೆ ಮನೆಯ ಜೂಮ್ ಲೆನ್ಸು ಇಟ್ಟು, ಒಳಗಿದ್ದವರು ಹಿಡಿದು ನಿಲ್ಲಿಸಿದ ಹನ್ನೆರಡು ಪ್ರಾಣಿಗಳ ಫೋಟೋ ತೆಗೆದರು. ಆಮೇಲೆ ಸ್ಟುಡಿಯೋಕ್ಕೆ ಹೋಗಿ, ಕಂಪ್ಯೂಟರಿನ ಮುಂದೆ ಕೂತು, ಜೀವಮಾನವಿಡೀ ಮಾಡಿಕೊಂಡು ಬಂದದ್ದನ್ನೇ ಮಾಡಿದರು.

ಬೆಕ್ಕಿನ ಹರಿದ ಕಿವಿ ಹೊಲಿದುಕೊಂಡಿತು. ಕತ್ತೆಯ ಬೆನ್ನಿನ ಹುಣ್ಣಿನ ಕಲೆ ಮಾಯವಾಯಿತು. ಕಜ್ಜಿ ಚರ್ಮದ ನಾಯಿಗೆ ರೇಷ್ಮೆಯಂಥ ಕೂದಲು ಬಂತು. ಶೆಡ್ಡಿನಲ್ಲಿ ಎಲ್ಲರೂ ಮ್ಯಾನೇಜರ್ ಎಂದು ಕರೆಯುವ ಒಂದು ನಾಯಿಯಿತ್ತು. ಬಂದವರನ್ನೆಲ್ಲ ಒಂದು ಸುತ್ತು ತಪಾಸಣೆ ಮಾಡಿಯೇ ಒಳಗೆ ಬಿಡುವ ಗತ್ತಿನಿಂದ ಆ ಹೆಸರು. ಅವನಿಗೆ ಬಲಗಣ್ಣಿಲ್ಲ. ಚಿಕ್ಕಮ್ಮ ಎಡಗಣ್ಣನ್ನೇ ಎತ್ತಿ, ತಿರುಗಿಸಿ, ಬಲಗಡೆಗೆ ಕೂರಿಸಿದರು. ಎಷ್ಟು ಚೆನ್ನಾಗಿ ಕೂತಿತೆಂದರೆ ಸ್ವತಃ ಮ್ಯಾನೇಜರನಿಗೆ ತೋರಿಸಿದ್ದರೂ ಯಾರಿವನು ಅನ್ನುತ್ತಿದ್ದ. ಹಿನ್ನೆಲೆಗೆ ಎಲ್ಲಕ್ಕೂ ತಿಳಿನೀಲಿ ಹಾಕಿ ಪ್ರೆಸ್ಸಿಗೆ ಕಳಿಸಿದರು.

ಅಚ್ಚಾಗಿ ಬಂದ ಮೇಲೆ ದೊಡ್ಡಮ್ಮ, ಒಂದು ಕೈಯಲ್ಲಿ ಕಾಯಿಲೆಯ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಲೇ ಪುಟ ತಿರುವಿದರು. ಮಾರ್ಚ್ ತಿಂಗಳಿಗೆ ಬಂದಾಗ, "ಇವನ್ಯಾರೇ, ಹೊಸಬನಾ?" ಎಂದರು. ತಂಗಿ ಅದನ್ನು ಹೊಗಳಿಕೆ ಎಂದೇ ತಿಳಿದರು. ಕ್ಯಾಲೆಂಡರು ಪೇಟೆಯಲ್ಲಿ ಚೆನ್ನಾಗಿಯೇ ಹೋಯಿತು. ಮನೆಗಳಲ್ಲಿ, ಅಂಗಡಿಗಳಲ್ಲಿ, ಬಸ್ ಡಿಪೋದಲ್ಲಿ ಸಹ ನೇತಾಡಿತು. ಬೇಸಿಗೆ ಮುಗಿಯುವುದರೊಳಗೆ ಶೆಡ್ಡು ನಮ್ಮದೇ ಎಂದು ಅಕ್ಕತಂಗಿ ಇಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡರು.

ಮಾರ್ಚ್ ಬಂತು. ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯನ್ನು ಕರೆದುಕೊಂಡು, ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೆ ಬಂದರು. ಹೊಸ ಬೆಲ್ಟು, ಹೊಸ ತಟ್ಟೆ ಎಲ್ಲ ತಂದಿದ್ದರು. ಈ ತಿಂಗಳ ನಾಯಿಯನ್ನು ಮನೆಗೆ ಕರೆದೊಯ್ಯುವುದು ಮಾತ್ರವಲ್ಲ, ಶೆಡ್ಡಿಗೂ ಕೈಲಾದದ್ದು ಕೊಡುತ್ತೇವೆ ಎಂದರು. ಗೂಡುಗಳ ಉದ್ದಕ್ಕೂ ಎರಡು ಸಲ ನಡೆದು ಹುಡುಕಿದರು, ಸಿಗಲಿಲ್ಲ. ಅವರ ಹಿಂದೆ ಹಿಂದೆಯೇ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದ ಮ್ಯಾನೇಜರನನ್ನು ತೋರಿಸಿ, ಇವನೇ ಅವನು ಎಂದು ದೊಡ್ಡಮ್ಮ ಹೇಳಬೇಕಾಯಿತು.

ಮೇಷ್ಟ್ರು ನಾಯಿಯನ್ನು ನೋಡಿದರು, ಕ್ಯಾಲೆಂಡರ್ ನೋಡಿದರು. "ಒಂದು ಕಣ್ಣಿಲ್ಲ ಅಂತ ನಮಗೆ ಬೇಜಾರಿಲ್ಲಮ್ಮ. ಮೊದಲೇ ಹೇಳಿದ್ರೂ ಬರ್ತಿದ್ವಿ. ಮುಚ್ಚಿಟ್ರಲ್ಲ, ಅದಕ್ಕೆ ಬೇಜಾರು" ಎಂದರು. ತಂದಿದ್ದ ಬೆಲ್ಟನ್ನು ಅಲ್ಲೇ ಬೆಂಚಿನ ಮೇಲಿಟ್ಟು ಹೊರಟುಹೋದರು.

ಸುದ್ದಿ ಕಿವಿಯಿಂದ ಕಿವಿಗೆ ಹಾರಿ, ಹಾರುತ್ತಾ ಹಾರುತ್ತಾ ಕೊಬ್ಬಿಕೊಂಡಿತು. ಫೋಟೋನೇ ಸುಳ್ಳಂತೆ, ಇನ್ನು ದುಡ್ಡು ನಾಯಿಗೆ ಹೋಗುತ್ತೆ ಅಂತ ಏನು ಗ್ಯಾರಂಟಿ ಎಂದು ಜನ ಮೂಗು ಮುರಿದರು. ಕ್ಯಾಲೆಂಡರು ಒಂದೊಂದೇ ಗೋಡೆಯಿಂದ ಇಳಿಯಿತು. ತಿಂಗಳು ತಿಂಗಳು ತಪ್ಪದೆ ಅಕ್ಕಿ, ಹಾಲು ಕಳಿಸುತ್ತಿದ್ದ ಮನೆಗಳೂ ಕೈಬಿಟ್ಟವು. ದೊಡ್ಡಮ್ಮ ತಂಗಿಯೊಂದಿಗೆ ಮಾತು ನಿಲ್ಲಿಸಿದರು. ಕೊನೆಗೆ ತಂಗಿಯೇ ಗೇಟಿನ ಹೊರಗೆ ನಿಂತು ಅತ್ತು ಕರೆದಾಗ, ಒಳಗಿನಿಂದ ದೊಡ್ಡಮ್ಮ ಹೇಳಿದ್ದು ಒಂದೇ ಮಾತು. "ನೀನು ಅವನಿಗೆ ಕಣ್ಣು ಕೊಡಲಿಲ್ಲ ಕಣೆ. ಅವನಿಗೆ ಸಿಕ್ಕಿದ್ದ ಮನೇನ ಕಿತ್ಕೊಂಡೆ."

ಆ ಮಾತನ್ನು ಈಗ ನೆನೆಯುವಾಗಲೂ ಚಿಕ್ಕಮ್ಮ ಕ್ಯಾಮೆರಾದ ಗಾಜನ್ನು ಸುಮ್ಮನೆ ಒರೆಸುತ್ತಾ ಕೂರುತ್ತಾರೆ. ಗಾಜು ಆಗಲೇ ಸ್ವಚ್ಛವಾಗಿರುತ್ತದೆ.

"ಅವತ್ತು ಗೇಟು ತೆಗೆದು ಒಳಗೆ ಹೋದೆ" ಎನ್ನುತ್ತಾರೆ. "ಧೈರ್ಯ ಬಂತು ಅಂತ ಬರೀಬೇಡಿ. ಎರಡು ಹೆಜ್ಜೆ ಇಟ್ಟಿದ್ದೇ ಅಲ್ಲೇ ಕುಸಿದು ಕೂತೆ. ಮ್ಯಾನೇಜರ್ ಬಂದು ನನ್ನ ಕಿವಿ, ಜಡೆ, ಕ್ಯಾಮೆರಾ ಚೀಲ ಎಲ್ಲಾ ಮೂಸಿ ನೋಡಿ, ಎದುರಿಗೆ ಕೂತ. ಅಷ್ಟು ಹತ್ತಿರದಿಂದ ಒಂದು ನಾಯಿಯ ಮುಖಾನ ನಾನು ನೋಡಿದ್ದೇ ಅವತ್ತು. ಕಣ್ಣಿಲ್ಲದ ಜಾಗದಲ್ಲಿ ಚರ್ಮ ಸುತ್ತಿಕೊಂಡು, ಮಗು ಕಣ್ಣು ಮಿಟುಕಿಸಿದ ಹಾಗೆ ಕಾಣುತ್ತೆ. ಇದನ್ನ ಅಳಿಸಿಬಿಟ್ಟಿದ್ನಲ್ಲ ನಾನು."

ಅಲ್ಲಿಂದ ಮುಂದೆ ಚಿಕ್ಕಮ್ಮ ಮಾಡಿದ್ದನ್ನು ಸ್ಟುಡಿಯೋ ನಡೆಸುವವರು ಮಾತ್ರ ಮಾಡಿಯಾರು. ಅಪ್ಪನ ಕಾಲದಿಂದಲೂ ಅಂಗಡಿಗೆ ಒಂದು ನಿಯಮ: ಫೋಟೋ ಸರಿ ಬರದಿದ್ದರೆ, ತಪ್ಪು ಯಾರದ್ದೇ ಆಗಲಿ, ಇನ್ನೊಂದು ತೆಗೆದುಕೊಡಬೇಕು, ಅದಕ್ಕೆ ಕಾಸು ಕೇಳಬಾರದು. ಹನ್ನೆರಡೂ ಪ್ರಾಣಿಗಳ ಫೋಟೋವನ್ನು ಅವರು ಮತ್ತೆ ತೆಗೆದರು. ಈ ಸಲ ನೆಲದ ಮೇಲೆ ಕೂತು, ಒಂದೊಂದಕ್ಕೂ ಎಷ್ಟೋ ಬೆಳಗುಗಳನ್ನು ಸುರಿದು, ಅಕ್ಕ ಹೇಳಿಕೊಟ್ಟಂತೆ ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡು. ಹರಿದ ಕಿವಿ ಹರಿದಂತೆ, ಹುಣ್ಣಿನ ಕಲೆ ಕಲೆಯಂತೆ. ಅವನ್ನು ಕ್ಯಾಲೆಂಡರಿನ ಅಳತೆಗೆ ಪ್ರಿಂಟ್ ಹಾಕಿ, ಒಂದು ಗೋಂದಿನ ಬಾಟಲಿ ಹಿಡಿದು, ಕ್ಯಾಲೆಂಡರ್ ಕೊಂಡವರ ಮನೆ ಮನೆಗೆ ಹೊರಟರು. ಬಾಗಿಲು ತಟ್ಟುವುದು, ಫೋಟೋ ಸರಿ ಬಂದಿರಲಿಲ್ಲ, ಬದಲಾಯಿಸಿ ಕೊಡಲಿಕ್ಕೆ ಬಂದಿದ್ದೇನೆ ಎನ್ನುವುದು, ಹಳೆಯದರ ಮೇಲೆ ಹೊಸದನ್ನು ಅಂಟಿಸುವುದು.

ಆಗ ಅರ್ಧ ವರ್ಷ ಕಳೆಯುತ್ತಾ ಬಂದಿತ್ತು. "ಮುಗಿದುಹೋದ ತಿಂಗಳಿಗೂ ಅಂಟಿಸ್ತೀರಾ?" ಎಂದು ನಕ್ಕವರಿದ್ದರು. ಮುಖಕ್ಕೆ ಬಾಗಿಲು ಹಾಕಿದವರಿದ್ದರು. ಕ್ಯಾಲೆಂಡರನ್ನು ಆಗಲೇ ಹರಿದು ಕಪಾಟಿಗೆ ಹಾಸಿದ್ದವರು ನಾಚಿಕೊಂಡು, ಪಾತ್ರೆಗಳನ್ನು ಎತ್ತಿ ಕೆಳಗಿನ ಹಾಳೆ ತೆಗೆದುಕೊಟ್ಟರು. ಚಿಕ್ಕಮ್ಮ ಅದಕ್ಕೂ ಅಂಟಿಸಿಕೊಟ್ಟರು. "ಯಾರ ಹತ್ರಾನೂ ಒಂದು ಪೈಸೆ ಕೇಳಲಿಲ್ಲ. ಅಂಟಿಸಿ, ಒತ್ತಿ, ಬರ್ತೀನಿ ಅಂತಿದ್ದೆ. ಎಷ್ಟೋ ಮನೆಯವರು ಇರಿ ಅಂತ ಕರೆದು ಕೂರಿಸಿ, ಹೊಸ ಫೋಟೋನ ನೋಡ್ತಾನೇ ಇರ್ತಿದ್ರು. ಇದು ಹೇಗಿದೆ ಈಗ, ಊಟ ಮಾಡುತ್ತಾ ಅಂತ ಕೇಳ್ತಿದ್ರು. ಮೊದಲನೇ ಕ್ಯಾಲೆಂಡರ್ ನೋಡಿ ಯಾರೂ ಹಾಗೆ ಕೇಳಿರಲಿಲ್ಲ."

ಗೆಲುವು ಶುರುವಾದದ್ದು ಪೇಟೆಯ ಬೀದಿಯ ಕನ್ನಡಕದ ಅಂಗಡಿಯಿಂದ. ಅದರ ಮಾಲೀಕರು ಬಾಯಿ ಬಿಟ್ಟರೆ ವ್ಯಾಪಾರದ ಮಾತೇ ಆಡುವವರು. ಚಿಕ್ಕಮ್ಮ ಗೋಂದು ಹಚ್ಚುತ್ತಿರುವಾಗ ಮ್ಯಾನೇಜರನ ನಿಜವಾದ ಮುಖವನ್ನು ಕೈಗೆತ್ತಿಕೊಂಡು, ಮೂಗಿನ ತುದಿಯ ಕನ್ನಡಕವನ್ನು ಮೇಲಕ್ಕೇರಿಸಿ ನೋಡಿದರು. "ಇದನ್ನ ನನ್ನ ಬಾಗಿಲಿನಷ್ಟು ದೊಡ್ಡದು ಮಾಡಿಕೊಡಿ, ಶೋಕೇಸಿಗೆ ಹಾಕ್ತೀನಿ. ಎರಡು ಕಣ್ಣಿದ್ದೂ ಎದುರಿಗೆ ಬಂದವರನ್ನ ನೋಡದೋರು ಎಷ್ಟು ಜನ ಇದ್ದಾರೆ. ಇವನು ಒಂದರಲ್ಲೇ ಹೆಂಗೆ ನೋಡ್ತಾನೆ ನೋಡಿ" ಎಂದರು. ಶೋಕೇಸಿಗೆ ಬಂದ ಮ್ಯಾನೇಜರ್ ಬೀದಿಯಲ್ಲಿ ಹೋಗುವವರನ್ನೆಲ್ಲ ತಪಾಸಣೆ ಮಾಡತೊಡಗಿದ. ಜನ ನಿಂತರು. ನಿಂತವರು ಒಳಗೆ ಬಂದು ಯಾರದಿದು ಎಂದು ಕೇಳಿದರು. ಕೇಳಿದವರಲ್ಲಿ ಒಬ್ಬರು ಆ ಫೋಟೋವನ್ನೇ ಕೊಂಡು ಹೊತ್ತೊಯ್ದರು. ಮಾಲೀಕರು ಬಂದ ದುಡ್ಡನ್ನು ಹಾಗೇ ಶೆಡ್ಡಿಗೆ ಕಳಿಸಿ, ಇನ್ನೊಂದು ಪ್ರಿಂಟ್ ಕೊಡಿ ಎಂದರು. ಅದೂ ಹೋಯಿತು.

ಪಕ್ಕದ ಅಂಗಡಿಯವರಿಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ? ಕ್ಷೌರದ ಅಂಗಡಿಯವರು ಹರಿದ ಕಿವಿಯ ಬೆಕ್ಕನ್ನು ಕೇಳಿ ಪಡೆದರು. ಕನ್ನಡಿಯ ಪಕ್ಕ ನೇತುಹಾಕಿ, "ಕೆಳಗೆ ಒಂದು ಸಾಲು ಬರೆದುಕೊಡಿ ಚಿಕ್ಕಮ್ಮ, ಇದು ನಮ್ಮ ಕತ್ತರಿ ಕೆಲಸ ಅಲ್ಲ ಅಂತ" ಎಂದರು. ಹಾಸಿಗೆ ಅಂಗಡಿಗೆ, ದಿನದ ಮುಕ್ಕಾಲು ಪಾಲು ಮಲಗಿಯೇ ಇರುವ ಹಲ್ಲಿಲ್ಲದ ಮುದಿ ನಾಯಿ ಹೋಯಿತು. ಮೂರು ಕಾಲಿನ ನಾಯಿಯನ್ನು ದರ್ಜಿ ಆರಿಸಿಕೊಂಡು, ಇವನಿಗೆ ಪ್ಯಾಂಟು ಹೊಲಿದರೆ ಬಟ್ಟೆ ಉಳಿಯುತ್ತೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಅವರ ತಲೆ ತಿಂದರು. ನೋಡನೋಡುತ್ತಿದ್ದಂತೆ ಇಡೀ ಬೀದಿ ಒಂದು ಪ್ರದರ್ಶನವಾಯಿತು. ಸಂಜೆಯ ಹೊತ್ತು ಜನ ಮಕ್ಕಳನ್ನು ಎತ್ತಿಕೊಂಡು ಅಂಗಡಿ ಅಂಗಡಿ ಸುತ್ತಿ ಪ್ರಾಣಿಗಳನ್ನು ನೋಡುವುದು, ನೋಡಿದ್ದಕ್ಕೆ ಸುಮ್ಮನೆ ಹೋಗಲಾರದೆ ಒಂದು ಪ್ರಿಂಟ್ ಕೊಳ್ಳುವುದು ರೂಢಿಯಾಯಿತು.

ಭಾನುವಾರಗಳಲ್ಲಿ ಇನ್ನೊಂದು ಬಗೆಯ ಜಾತ್ರೆ. ಶೆಡ್ಡಿನ ಗೋಡೆಗೆ ಚಿಕ್ಕಮ್ಮ ಸ್ಟುಡಿಯೋದ ಹಳೆಯ ಪರದೆ ಕಟ್ಟಿದರು. ಮನೆಮಂದಿಯೆಲ್ಲ ಬಂದು, ತಮಗೆ ಇಷ್ಟವಾದ ಒಂದು ಪ್ರಾಣಿಯನ್ನು ನಡುವೆ ಕೂರಿಸಿಕೊಂಡು ಕುಟುಂಬದ ಫೋಟೋ ತೆಗೆಸಿಕೊಳ್ಳಬಹುದು, ಸ್ಟುಡಿಯೋದಲ್ಲಿ ಕೊಡುವಷ್ಟನ್ನು ಶೆಡ್ಡಿನ ಡಬ್ಬಿಗೆ ಹಾಕಬೇಕು. ಷರತ್ತು ಒಂದೇ, ಟಚಪ್ ಇಲ್ಲ. ಮೊಡವೆ ಇದ್ದರೆ ಇರುತ್ತದೆ, ಬೊಕ್ಕ ಬಾಯಿ ಕಂಡರೆ ಕಾಣುತ್ತದೆ. ನಾಯಿಯ ಪಕ್ಕ ಕೂತಾಗ ಯಾರಿಗೂ ತಮ್ಮ ಮುಖದ ಚಿಂತೆ ಇರುವುದಿಲ್ಲ ಎನ್ನುವುದನ್ನು ಚಿಕ್ಕಮ್ಮ ಕಂಡುಕೊಂಡದ್ದೇ ಆಗ. ಭಾನುವಾರ ಎಂದರೆ ಸ್ಟುಡಿಯೋದವರಿಗೆ ಮದುವೆ ಆರ್ಡರಿನ ದಿನ. ಆರು ತಿಂಗಳು ಅವರು ಒಂದು ಮದುವೆಯನ್ನೂ ಒಪ್ಪಿಕೊಳ್ಳಲಿಲ್ಲ. ಯಜಮಾನರು ಆ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ, ಬದಲಿಗೆ ತಾವೂ ಬಂದು ಪರದೆಯ ಒಂದು ಮೂಲೆ ಹಿಡಿದು ನಿಂತರು. ಕತ್ತೆ ಆ ಪರದೆಯನ್ನು ಎರಡು ಸಲ ತಿಂದಿದೆ.

ಮೇಷ್ಟ್ರ ಮನೆಯೊಂದು ಉಳಿದಿತ್ತು. ಚಿಕ್ಕಮ್ಮ ಅದನ್ನು ಕೊನೆಗಿಟ್ಟುಕೊಂಡದ್ದು ಧೈರ್ಯ ಸಾಲದೆ. ಒಂದು ಮಧ್ಯಾಹ್ನ ಗೋಂದಿನ ಬಾಟಲಿ ಹಿಡಿದು ಬಾಗಿಲು ತಟ್ಟಿದರು. ಮೇಷ್ಟ್ರ ಹೆಂಡತಿ ಒಳಗೆ ಕರೆದರು. ಗೋಡೆಯಲ್ಲಿ ಕ್ಯಾಲೆಂಡರ್ ಇನ್ನೂ ಇತ್ತು, ಮಾರ್ಚ್ ತಿಂಗಳಿನಲ್ಲೇ ನಿಂತಿತ್ತು. ಚಿಕ್ಕಮ್ಮ ಹೊಸ ಫೋಟೋವನ್ನು ಅಂಟಿಸಿ, ಅಂಗೈಯಿಂದ ಒತ್ತಿ, ಪಕ್ಕಕ್ಕೆ ಸರಿದು ನಿಂತರು. ಮೇಷ್ಟ್ರು ಹತ್ತಿರ ಬಂದು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಆ ತಟ್ಟೆ ಎಲ್ಲಿಟ್ಟಿದ್ದೀಯ?" ಎಂದು ಕೇಳಿದರು. ಮಾರನೆಯ ದಿನವೇ ಮ್ಯಾನೇಜರನಿಗೆ ಆ ಮನೆಗೆ ವರ್ಗವಾಯಿತು. ಈಗ ಮೇಷ್ಟ್ರನ್ನು ನೋಡಲು ಹೋಗುವವರು ಅವನ ಒಪ್ಪಿಗೆ ಪಡೆದೇ ಒಳಗೆ ಹೋಗಬೇಕು. ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ, ಭಾನುವಾರ ಸಾಮಿಲ್ಲಿಗೆ ಹೋಗಿ ಫೋಟೋ ತೆಗೆಸಿಕೊಳ್ಳಿ ಎಂದು ಅಪ್ಪಣೆ ಮಾಡಿದರು. ಮೇಷ್ಟ್ರ ಮಾತನ್ನು ಆ ವಯಸ್ಸಿನಲ್ಲೂ ಯಾರೂ ಮೀರಲಿಲ್ಲ. ಗೇಟಿನಿಂದ ಬಸ್ ಸ್ಟಾಪಿನವರೆಗೆ ಸಾಲು ನಿಂತಿತು.

ವರ್ಷ ಮುಗಿಯಲು ಇನ್ನೂ ಸ್ವಲ್ಪ ದಿನ ಇರುವಾಗಲೇ ದೊಡ್ಡಮ್ಮ ಸಾಮಿಲ್ಲಿನ ಮಾಲೀಕರ ಮನೆಗೆ ಹೋಗಿ ಪೂರ್ತಿ ಹಣವನ್ನು ಮುಂದಿಟ್ಟರು. ಮಾಲೀಕರು ಹಣವನ್ನು ಮುಟ್ಟುವ ಮೊದಲು ದೊಡ್ಡಮ್ಮನ ಕೈ ಹಿಡಿದುಕೊಂಡರಂತೆ. ಶೆಡ್ಡಿನಲ್ಲಿ ಅವತ್ತು ಸಿಹಿ ಹಂಚಿದರು, ಅಕ್ಕತಂಗಿ ಇಬ್ಬರೂ ನಕ್ಕರು, ಅತ್ತರು, ಬಾತುಕೋಳಿ ಪತ್ರಿಕೆಯವರ ಕಾಲು ಕುಕ್ಕಿತು. ಎಪ್ಪತ್ತು ಜೀವಗಳಲ್ಲಿ ಒಂದನ್ನೂ ಎಲ್ಲಿಗೂ ಕಳಿಸಬೇಕಾಗಲಿಲ್ಲ.

ಆದರೆ ಚಿಕ್ಕಮ್ಮನಿಗೆ ತನ್ನ ಕೆಲಸ ಮುಗಿಯಿತು ಅನ್ನಿಸಿದ್ದು ಅವತ್ತಲ್ಲ. ಜಾಗದ ಪತ್ರ ನೋಂದಣಿ ಮಾಡಿಸಲು ಕೊಳ್ಳುವವರ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ದೊಡ್ಡಮ್ಮ ಕೈಕಾಲು ತೊಳೆದು, ತಲೆ ಬಾಚಿಕೊಂಡು ಸ್ಟುಡಿಯೋಕ್ಕೆ ಬಂದು ಸ್ಟೂಲಿನ ಮೇಲೆ ಕೂತರು. ಅವರ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ತುಟಿಯ ಅಂಚಿನವರೆಗೆ, ಒಂದು ಉದ್ದನೆಯ ಕಲೆಯಿದೆ. ಇಬ್ಬರೂ ಲಂಗ ತೊಡುತ್ತಿದ್ದ ಕಾಲದಲ್ಲಿ ಬೀದಿಯ ನಾಯಿಯೊಂದು ತಂಗಿಯ ಮೇಲೆ ಹಾರಿತ್ತು. ಅಕ್ಕ ಹಿಂದೆಮುಂದೆ ನೋಡದೆ ಅಡ್ಡ ನಿಂತಿದ್ದರು. ಅವತ್ತಿನಿಂದ ತಂಗಿಗೆ ನಾಯಿಯ ಹೆದರಿಕೆ, ಅಕ್ಕನಿಗೆ ಆ ಕಲೆ. ಪಾಪ, ಅದಕ್ಕೆ ಎಷ್ಟು ಹಸಿವಾಗಿತ್ತೋ ಎಂದಿದ್ದರಂತೆ ಅಕ್ಕ, ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡು ಬಂದ ದಿನವೇ.

ಅಪ್ಪ ತೆಗೆದ ಫೋಟೋಗಳಲ್ಲಿ ಆ ಕಲೆ ಇಲ್ಲ. ಸಣ್ಣ ಕುಂಚದಿಂದ ಅದನ್ನು ಮುಚ್ಚುವುದನ್ನು ಅಪ್ಪ ಚಿಕ್ಕ ಮಗಳಿಗೆ ಹೇಳಿಕೊಟ್ಟರು. ಚಿಕ್ಕಮ್ಮ ಟಚಪ್ ಕಲಿತದ್ದೇ ಅಕ್ಕನ ಕೆನ್ನೆಯ ಮೇಲೆ. ಆಮೇಲೆ ಮದುವೆ, ಮನೆಯ ಕಾರ್ಯ, ಶಾಲು ಹೊದಿಸಿದ ಸಮಾರಂಭ, ಎಲ್ಲ ಫೋಟೋದಲ್ಲೂ ಮೊದಲು ಅಳಿಸುತ್ತಿದ್ದದ್ದು ಅದನ್ನೇ. ಯಾರೂ ಕೇಳಿರಲಿಲ್ಲ, ಅಕ್ಕನಂತೂ ಕೇಳಿರಲೇ ಇಲ್ಲ. "ಅದನ್ನ ನೋಡೋಕೆ ನನಗೇ ಆಗ್ತಿರಲಿಲ್ಲ" ಎನ್ನುತ್ತಾರೆ ಚಿಕ್ಕಮ್ಮ. "ನನಗೆ ಆಗಬೇಕಾಗಿದ್ದ ಗಾಯ ಅಲ್ವಾ ಅದು."

ಈ ಸಲವೂ ಕಂಪ್ಯೂಟರಿನ ಮುಂದೆ ಕೂತಾಗ ಕೈ ಅಭ್ಯಾಸಬಲದಿಂದ ಕೆನ್ನೆಯ ಕಡೆಗೇ ಹೋಯಿತು. ಚಿಕ್ಕಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇದ್ದದ್ದನ್ನು ಇದ್ದಂತೆ ಪ್ರಿಂಟ್ ಹಾಕಿ ಅಕ್ಕನ ಕೈಗಿತ್ತರು. ದೊಡ್ಡಮ್ಮ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಆ ಗೆರೆಯನ್ನು ಒಮ್ಮೆ ಸವರಿದರು.

"ಇಷ್ಟು ವರ್ಷ ಎಲ್ಲಿಟ್ಟಿದ್ದೆ ಇದನ್ನ?" ಎಂದು ಕೇಳಿದರು.

"ನನ್ನ ಹತ್ರಾನೇ ಇತ್ತು, ಅಕ್ಕ" ಎಂದರು ತಂಗಿ.

ಪತ್ರ ಈಗ ಶೆಡ್ಡಿನ ಕಪಾಟಿನಲ್ಲಿದೆ. ಅದರ ಪ್ರಸ್ತಾಪ ಬಂದರೆ ಮಾತ್ರ ಚಿಕ್ಕಮ್ಮನ ದನಿ ಸ್ವಲ್ಪ ಏರುತ್ತದೆ. "ಈ ಜಾಗ ಯಾರದ್ದು ಅಂತ ನಾಳೆ ಯಾರಾದರೂ ಕೇಳಿದ್ರೆ ಪತ್ರ ತೆಗೆದು ನೋಡ್ಲಿ. ಅದರಲ್ಲಿ ನಮ್ಮಕ್ಕ ನಮ್ಮಕ್ಕನ ಹಾಗೇ ಇದ್ದಾಳೆ."